ಮಗಳು ನಿಜ ಹೇಳಿದ್ದಕ್ಕೆ ಆಟದಿಂದ ಇಳಿಸಿದಿರಿ: ಥೀಮ್ ಪಾರ್ಕ್ ನಡೆಸುವವರಿಗೆ ಕೊಡಗಿನಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಥೀಮ್ ಪಾರ್ಕ್, ವಾಟರ್ ಪಾರ್ಕ್ ಮತ್ತು ಸಾಹಸ ಕ್ರೀಡಾ ಕೇಂದ್ರಗಳ ಮಾಲೀಕರು ಹಾಗೂ ವ್ಯವಸ್ಥಾಪಕರು,
ಕೊಡಗು ಜಿಲ್ಲೆಯ ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳು.

ವಿಷಯ: ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರನ್ನು ಮತ್ತು ಚಿಕಿತ್ಸೆ ಮುಗಿಸಿದವರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ.

ಮಾನ್ಯರೇ,

ನಾವು ಹೋಗಿದ್ದ ಪಾರ್ಕಿನ ಹೆಸರನ್ನೂ ಊರನ್ನೂ ಇಲ್ಲಿ ಬರೆಯುವುದಿಲ್ಲ. ಅಲ್ಲಿ ಸಂಬಳಕ್ಕೆ ನಿಂತ ಒಬ್ಬ ಹುಡುಗನ ಕೆಲಸ ನನ್ನಿಂದ ಹೋಗುವುದು ಬೇಡ. ಅಲ್ಲದೆ ನಡೆದದ್ದು ನಿಮ್ಮಲ್ಲಿ ಯಾರ ಪಾರ್ಕಿನಲ್ಲಾದರೂ ನಡೆಯಬಹುದಾದದ್ದೇ. ಹಾಗಾಗಿ ಈ ಪತ್ರ ಎಲ್ಲರಿಗೂ.

ನಾನು ಸುಂಟಿಕೊಪ್ಪದ ಕಡೆಯವಳು, ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಮಗಳಿಗೆ ಮೊನ್ನೆ ಡಿಸೆಂಬರ್‌ಗೆ ಒಂಬತ್ತು ತುಂಬಿತು. ಎರಡನೇ ಕ್ಲಾಸಿನಲ್ಲಿದ್ದಾಗ ಮಳೆಗಾಲದಲ್ಲಿ ಜ್ವರ ಬಂದದ್ದು ಬಿಡಲಿಲ್ಲ. ಎಲ್ಲೂ ಬಿದ್ದಿರಲಿಲ್ಲ, ಆದರೂ ಮೊಣಕಾಲಿನ ಕೆಳಗೆ ನೀಲಿ ಕಲೆಗಳೆದ್ದವು. ರಕ್ತದ ಕ್ಯಾನ್ಸರ್ ಎಂದರು. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಅದೇ. ಚಿಕಿತ್ಸೆ ಪೂರ್ತಿ ಸಿಕ್ಕರೆ ಬಹುಪಾಲು ಮಕ್ಕಳು ಗುಣವಾಗುತ್ತಾರೆ. ಆ ‘ಪೂರ್ತಿ’ ಅನ್ನುವುದೇ ಎರಡರಿಂದ ಮೂರು ವರ್ಷ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿಗೆ 260ರ ಹತ್ತಿರ. ಕೊಡಗಿನ ಕ್ಯಾನ್ಸರ್ ಮನೆಗಳವರಿಗೆ ಈ ರಸ್ತೆಗಳ ಒಂದೊಂದು ಹಂಪೂ ಲೆಕ್ಕ. ರೈಲ್ವೆಯವರು ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗಳಿಗೆ ಟಿಕೆಟ್ ರಿಯಾಯಿತಿ ಕೊಡುತ್ತಾರೆ. ಒಳ್ಳೆಯದೇ, ಆದರೆ ನಮ್ಮ ಜಿಲ್ಲೆಗೆ ರೈಲೇ ಇಲ್ಲ. ನಮಗೆ ಗೊತ್ತಿದ್ದ ರೈಲೆಂದರೆ ನಾನು ಚಿಕ್ಕವಳಿದ್ದಾಗ ರಾಜಾಸೀಟಿನ ಹತ್ತಿರ ಹತ್ತಿದ್ದ ಪುಟಾಣಿ ರೈಲು.

ಈಗ ಅವಳು ಮೇಂಟೆನೆನ್ಸ್ ಹಂತದಲ್ಲಿದ್ದಾಳೆ, ಅಂದರೆ ಕಾಯಿಲೆ ಮರಳದಿರಲಿ ಎಂದು ಕಡಿಮೆ ಪ್ರಮಾಣದ ಕೀಮೋ ಮುಂದುವರಿಸುವ ಹಂತ. ದಿನಾ ರಾತ್ರಿ ಮರ್ಕಾಪ್ಟೊಪ್ಯೂರಿನ್ ಮಾತ್ರೆ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಆಗಾಗ ರಕ್ತ ಪರೀಕ್ಷೆ. ಕೂದಲು ಮತ್ತೆ ಬಂದಿದೆ, ಬೆರಳಿನ ಒಂದು ಗೆಣ್ಣಿನಷ್ಟು. ಶಾಲೆಗೂ ಹೋಗುತ್ತಾಳೆ. ಡಿಸೆಂಬರ್‌ನಲ್ಲಿ ಅವಳ ಶಾಲೆಯಿಂದ ಪ್ರವಾಸ ಹೊರಟರು. ಒಂದು ಬಸ್ಸಿನಲ್ಲಿ ಅರವತ್ತು ಮಕ್ಕಳು, ಅರ್ಧದಷ್ಟು ಜನಕ್ಕೆ ನೆಗಡಿ. ನಾನೇ ಬೇಡ ಎಂದೆ. ಅವಳು ಹಟ ಮಾಡಲಿಲ್ಲ. ಎರಡು ವರ್ಷದಲ್ಲಿ ಹಟ ಮಾಡುವುದನ್ನೇ ಮರೆತಿದ್ದಾಳೆ, ನನ್ನನ್ನು ಹೆಚ್ಚು ಸುಡುವುದು ಅದು. ಮಾರನೆಯ ವಾರವೆಲ್ಲ ಕ್ಲಾಸಿನಲ್ಲಿ ಪಾರ್ಕಿನದೇ ಸುದ್ದಿ. ನಾವೇ ಕರೆದುಕೊಂಡು ಹೋಗೋಣ ಎಂದು ಅವಳ ಅಪ್ಪ ತೀರ್ಮಾನಿಸಿದರು.

ಹೊರಡುವ ಮೊದಲು ನಾವು ಏನೇನು ಮಾಡಿದೆವು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗೇಟಿನಲ್ಲಿ ನಮ್ಮನ್ನು ಕಂಡವರಿಗೆ ನಾವು ಏನೂ ಗೊತ್ತಿಲ್ಲದೆ ಬಂದವರ ಹಾಗೆ ಕಂಡಿರಬೇಕು. ಡಾಕ್ಟರನ್ನು ಕೇಳಿದೆವು. ಎರಡು ದಿನ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಕೌಂಟ್ ನೋಡಿ ಹೇಳುತ್ತೇನೆ ಎಂದರು. ಪ್ಲೇಟ್‌ಲೆಟ್ ಒಂದು ಲಕ್ಷದ ಮೇಲಿತ್ತು, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳೂ ಸಾಕಷ್ಟಿದ್ದವು. ಹೋಗಿ ಬನ್ನಿ ಎಂದು ಲೆಟರ್‌ಹೆಡ್‌ನಲ್ಲಿ ಷರತ್ತು ಬರೆದುಕೊಟ್ಟರು. ನೀರಿನ ಆಟ ಬೇಡ, ಕುಲುಕಾಡಿಸುವ, ದಢಕ್ಕನೆ ಬೀಳಿಸುವ ಆಟ ಬೇಡ, ಬಿಸಿಲಿಗೆ ಟೊಪ್ಪಿ, ಜನಜಂಗುಳಿಯಲ್ಲಿ ಮಾಸ್ಕ್, ಮನೆ ಊಟ, ಕುದಿಸಿ ಆರಿಸಿದ ನೀರು. ಮೆಲ್ಲಗೆ ಸುತ್ತುವ ಆಟಗಳು ಆಗಬಹುದು. ಜ್ವರ 100.4 ಡಿಗ್ರಿ ಮುಟ್ಟಿದರೆ ಇದ್ದಲ್ಲಿಂದ ನೇರ ಆಸ್ಪತ್ರೆಗೆ. ಶನಿವಾರ ಭಾನುವಾರ ಬಿಟ್ಟು ಜನವರಿಯ ಒಂದು ಮಂಗಳವಾರ ನೋಡಿದೆವು. ಕಾಫಿ ಕೊಯ್ಲಿನ ಸಮಯ. ಆದರೂ ಕಣದಲ್ಲಿ ಹರಡಿದ್ದನ್ನು ಮಾವನವರ ಸುಪರ್ದಿಗೆ ಬಿಟ್ಟು, ಬೆಳಗಿನ ಜಾವ ಮಂಜು ಬಿಡುವ ಮೊದಲೇ ಹೊರಟೆವು. ಜೊತೆಗೆ ನನ್ನ ಅತ್ತಿಗೆ. ಅವರಿಗೆ ಮೂರು ವರ್ಷದ ಹಿಂದೆ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಗಿದೆ. ಹಾಗಾಗಿ ಒಂದೇ ಕಾರಿನಲ್ಲಿ ‘ಚಿಕಿತ್ಸೆಯ ನಡುವೆ’ ಇರುವವಳೂ ಇದ್ದಳು, ‘ಚಿಕಿತ್ಸೆಯ ನಂತರ’ದವರೂ ಇದ್ದರು.

ಗೇಟಿನಲ್ಲಿ ತಪಾಸಣೆಗೆ ಎರಡು ಸಾಲು. ಟೊಪ್ಪಿ ತೆಗೆಸಿದ ಕೂಡಲೇ ಕಾವಲಿನವನು ಮಗಳಿಗೆ, “ಏ ಮರಿ, ಹುಡುಗರ ಸಾಲು ಆ ಕಡೆ,” ಎಂದ. ಅವಳು ಹಾಕಿದ್ದದ್ದು ಗುಲಾಬಿ ಬಣ್ಣದ ಫ್ರಾಕು. ನಾನು ಬಾಯಿ ತೆಗೆಯುವ ಮೊದಲೇ ಅವಳು ಟೊಪ್ಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆ ಸಾಲಿನ ಕಡೆ ನಡೆದಿದ್ದಳು. ವಾಪಸ್ ಕರೆದೆ. ಆತ, “ಸಾರಿ ಅಮ್ಮ,” ಎಂದ. ಅದನ್ನು ಅಲ್ಲಿಗೇ ಬಿಟ್ಟೆ.

ಬಿಡಲಾಗದ್ದು ಆಮೇಲಿನದು. ಬ್ಯಾಗು ಬಿಚ್ಚಿಸಿದರು. ಸ್ಟೀಲ್ ಕ್ಯಾರಿಯರ್‌ನ ಮೇಲಿನ ಡಬ್ಬಿಯಲ್ಲಿ ಬಾಳೆಲೆ ಸುತ್ತಿದ ಅಕ್ಕಿ ರೊಟ್ಟಿ, ಕೆಳಗಿನದರಲ್ಲಿ ಸಪ್ಪೆ ತರಕಾರಿ ಪಲ್ಯ, ಎರಡು ಬಾಟಲಿ ಕುದಿಸಿದ ನೀರು. “ಹೊರಗಿನ ತಿಂಡಿ ಬಿಡಲ್ಲ ಮೇಡಂ. ಒಳಗೆ ಫುಡ್ ಕೋರ್ಟ್ ಇದೆ.” ಡಾಕ್ಟರ ಪತ್ರ ತೋರಿಸಿದೆ. ಓದಲಿಲ್ಲ, ಬೇರೊಬ್ಬರನ್ನು ಕರೆದರು. ಬಂದವರು, “ವಿಕಲಚೇತನ ಕಾರ್ಡ್ ಇದೆಯಾ?” ಎಂದು ಕೇಳಿದರು. ಇಲ್ಲ, ಇರುವುದೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ. ಹಿಮೋಫಿಲಿಯಾ, ಥಲಸ್ಸೀಮಿಯಾ ಅದರಲ್ಲಿವೆ, ಕ್ಯಾನ್ಸರ್ ಇಲ್ಲ. ಕಾರ್ಡ್ ಇಲ್ಲದ ಮೇಲೆ ನಿಮ್ಮ ನಿಯಮದ ಪುಸ್ತಕದಲ್ಲಿ ನಾವು ಆರೋಗ್ಯವಂತರು. ಅರ್ಧ ಗಂಟೆ ಬಿಸಿಲಲ್ಲಿ ನಿಂತ ಮೇಲೆ ನೀರಿನ ಬಾಟಲಿಗಳನ್ನು ಬಿಟ್ಟರು. ಕ್ಯಾರಿಯರ್ ಕಾರಿಗೆ ಹೋಯಿತು. ಮಧ್ಯಾಹ್ನ ಪಾರ್ಕಿಂಗ್ ಜಾಗದಲ್ಲಿ ಕಾರಿನ ಬಾಗಿಲು ತೆರೆದಿಟ್ಟುಕೊಂಡು ಊಟ ಮಾಡಿದೆವು. ಮತ್ತೆ ಒಳಗೆ ಹೋಗಲು ಮತ್ತೆ ಸಾಲು, ಮತ್ತೆ ಟೊಪ್ಪಿ ತೆಗೆಯುವುದು.

ಹೊರಗಿನ ತಿಂಡಿ ಬೇಡ ಎನ್ನುವುದು ನಿಮ್ಮ ವ್ಯಾಪಾರದ ಲೆಕ್ಕ. ಒಪ್ಪುತ್ತೇನೆ. ಆದರೆ ನಮ್ಮದು ಜಿಪುಣತನ ಅಲ್ಲ ಎಂಬುದನ್ನು ನೀವೂ ಒಪ್ಪಬೇಕು. ಕೀಮೋ ಔಷಧ ಬಿಳಿ ರಕ್ತಕಣಗಳನ್ನು ತಗ್ಗಿಸುತ್ತದೆ. ಹೆಚ್ಚಿಟ್ಟ ಹಣ್ಣು, ಬೆಳಗ್ಗೆ ರುಬ್ಬಿದ ಚಟ್ನಿ, ಯಾವ ನೀರಿನದೋ ಗೊತ್ತಿಲ್ಲದ ಐಸು ಬೇರೆ ಮಕ್ಕಳಿಗೆ ಒಂದು ದಿನದ ಹೊಟ್ಟೆನೋವು ತಂದರೆ, ಅವಳಿಗೆ ಒಂದು ವಾರದ ಆಸ್ಪತ್ರೆ ವಾಸ ತರಬಹುದು. ನೀರಿನ ಆಟ ಬೇಡ ಎಂದು ಡಾಕ್ಟರು ಹೇಳಿದ್ದೂ ಇದೇ ಕಾರಣಕ್ಕೆ. ಕ್ಲೋರಿನ್ ಹಾಕಿದ್ದೇವಲ್ಲ ಎನ್ನುತ್ತೀರಿ. ಭೇದಿ ತರುವ ಕ್ರಿಪ್ಟೊಸ್ಪೊರಿಡಿಯಮ್ ಎಂಬ ಪರಾವಲಂಬಿ ಕ್ಲೋರಿನ್ ಸರಿಯಾಗಿರುವ ಕೊಳದಲ್ಲೂ ದಿನಗಟ್ಟಲೆ ಬದುಕಿರುತ್ತದೆ.

ಟಿಕೆಟ್ ಕೌಂಟರಿನಲ್ಲಿ ಕೈಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತೀರಲ್ಲ, ಅದರ ಮಾತು. ಹುಡುಗಿ ಅತ್ತಿಗೆಯ ಎಡಗೈ ಹಿಡಿದು ಟಕ್ಕೆಂದು ಬಿಗಿದಳು. ಅತ್ತಿಗೆಗೆ ಆಪರೇಷನ್ ಆದದ್ದು ಎಡಗಡೆ. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ. ಹಾಗೆ ತೆಗೆದವರ ಕೈಯಲ್ಲಿ ದುಗ್ಧರಸ ಸರಿಯಾಗಿ ಹರಿಯದೆ ಬಾವು ಕಟ್ಟುವ ಸಂಭವ ಜೀವನಪೂರ್ತಿ ಇರುತ್ತದೆ. ಆ ಕೈಗೆ ಬಿಗಿಯಾದ ಬಳೆ ಕೂಡ ಹಾಕಬೇಡಿ ಎಂದು ಅವರಿಗೆ ಆಸ್ಪತ್ರೆಯಲ್ಲಿ ಹೇಳಿಕಳಿಸಿದ್ದಾರೆ. ಇನ್ನೊಂದು ಕೈಗೆ ಕಟ್ಟಮ್ಮ ಎಂದರೆ ಮುಗಿಯುತ್ತಿತ್ತು. ಆದರೆ ಯಾಕೆ ಎಂದು ಆ ಹುಡುಗಿ ಕೇಳಿದರೆ, ಹಿಂದೆ ನಿಂತ ಗಂಡಸರ ಮುಂದೆ ಏನು ಹೇಳುವುದು? ಅತ್ತಿಗೆ ಸುಮ್ಮನಿದ್ದರು. ಕುಶಾಲನಗರ ದಾಟುವಾಗ ಕೈ ತೋರಿಸಿದರು, ಪಟ್ಟಿಯ ಗುರುತು ಒಳಕ್ಕೆ ಇಳಿದಿತ್ತು, ಬೆರಳು ಊದಿತ್ತು.

ಇನ್ನು ನಾನು ಈ ಪತ್ರ ಬರೆಯಲು ಕೂತ ಕಾರಣ. ಮಗಳ ಎದೆಯ ಬಲಭಾಗದಲ್ಲಿ, ಕೊರಳ ಮೂಳೆಯ ಕೆಳಗೆ, ಚರ್ಮದೊಳಗೆ ಒಂದು ಕೀಮೋ ಪೋರ್ಟ್ ಇದೆ. ನೋಡಿದರೆ ಹಳೆಯ ಎಂಟಾಣೆಯಷ್ಟು ಅಗಲದ ಉಬ್ಬು. ಪ್ರತಿ ಸಲ ನರ ಹುಡುಕಿ ಚುಚ್ಚುವುದು ತಪ್ಪಲಿ ಎಂದು ಇಟ್ಟದ್ದು. ಅದರ ಮೇಲೆ ಬೆಲ್ಟು ಬಿಗಿಯಾಗಿ ಬಿದ್ದರೆ ನೋಯುತ್ತದೆ. ಯಾರಾದರೂ ಬೆಲ್ಟ್ ಹಾಕಲು ಬಂದರೆ ನೀನೇ ಹೇಳಬೇಕು ಎಂದು ನಾನೇ ಕಲಿಸಿದ್ದೆ. ಪುಟ್ಟ ಪುಟ್ಟ ವಿಮಾನಗಳು ಮೆಲ್ಲಗೆ ಮೇಲೆ ಕೆಳಗೆ ಆಗುತ್ತ ಸುತ್ತುವ ಒಂದು ಆಟ. ಐದು ವರ್ಷದ ಮಕ್ಕಳೂ ಕೂತಿದ್ದರು. ಆಟ ನಡೆಸುವ ಹುಡುಗ ಬೆಲ್ಟ್ ಹಿಡಿದು ಬಂದಾಗ ಮಗಳು, “ಅಣ್ಣಾ, ಇಲ್ಲಿ ಪೋರ್ಟ್ ಇದೆ, ಮೆತ್ತಗೆ ಹಾಕಿ,” ಎಂದಳು.

“ಪೋರ್ಟ್ ಅಂದ್ರೆ?”

“ಕೀಮೋ ಕೊಡೋದು.”

ಅವನು ಎರಡು ಹೆಜ್ಜೆ ಹಿಂದೆ ಸರಿದು ವಾಕಿಟಾಕಿಯಲ್ಲಿ ಯಾರಿಗೋ ಹೇಳಿದ. ಸೂಪರ್‌ವೈಸರ್ ಬರುವವರೆಗೆ ಆಟ ನಿಂತಿತ್ತು, ಮಕ್ಕಳೆಲ್ಲ ವಿಮಾನದಲ್ಲಿ ಕೂತೇ ಇದ್ದರು. ಬೇಲಿಯಾಚೆ ಏನಂತೆ ಎಂದು ಒಬ್ಬರು, ಕ್ಯಾನ್ಸರ್ ಅಂತೆ ಎಂದು ಇನ್ನೊಬ್ಬರು. ಮಗಳ ಪಕ್ಕದ ಸೀಟಿನಲ್ಲಿದ್ದ ಮಗುವನ್ನು ಅದರ ತಾಯಿ ಬಂದು ಎತ್ತಿಕೊಂಡು ಹೋದರು. ಕ್ಯಾನ್ಸರ್ ಅಂಟುರೋಗ ಅಲ್ಲ ಎಂದು ಇವತ್ತಿಗೂ ಬರೆಯಬೇಕಾಗಿ ಬಂದಿದೆಯಲ್ಲ ಎಂದು ಬೇಸರವಾಗುತ್ತದೆ. ನಿಜವಾಗಿ ನೋಡಿದರೆ ಆ ಮಗುವಿನ ನೆಗಡಿಗೆ ಹೆದರಬೇಕಾದವಳು ನಾನು. ಸೂಪರ್‌ವೈಸರ್ ಬಂದು, “ಪೇಷಂಟ್‌ಗಳನ್ನ ಹತ್ತಿಸಲ್ಲ ಮೇಡಂ. ಸೇಫ್ಟಿ ರೂಲು,” ಎಂದರು. ಪತ್ರ ತೋರಿಸಿದೆ. ಬೋರ್ಡಿನ ಕಡೆ ಕೈ ಮಾಡಿದರು. ಗರ್ಭಿಣಿಯರು, ಹೃದಯದ ಕಾಯಿಲೆ, ರಕ್ತದೊತ್ತಡ, ಬೆನ್ನುನೋವು, ಕೊನೆಯ ಸಾಲಿನಲ್ಲಿ ‘ಇತರ ಕಾಯಿಲೆ ಇರುವವರು’. ಅದೇ ಬೋರ್ಡು ಆಕಾಶಕ್ಕೆ ಹಾರಿಸಿ ಬಿಡುವ ಆಟದ ಮುಂದೆಯೂ ಇತ್ತು, ಮರದ ಕುದುರೆಗಳ ಮುಂದೆಯೂ ಇತ್ತು. ಅರ್ಧ ಗಂಟೆ ಮೊದಲು ಅವಳು ಅದೇ ಮರದ ಕುದುರೆ ಹತ್ತಿ ಇಳಿದಿದ್ದಳು. ಅಲ್ಲಿ ಬೆಲ್ಟ್ ಇರಲಿಲ್ಲ, ಅವಳು ಏನೂ ಹೇಳಿರಲಿಲ್ಲ, ಯಾರೂ ತಡೆದಿರಲಿಲ್ಲ.

ಅವಳು ತಾನೇ ಬೆಲ್ಟು ಪಕ್ಕಕ್ಕಿಟ್ಟು ಇಳಿದು ಬಂದಳು. ಅಳಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಬಹಳ ಹೊತ್ತಿನ ಮೇಲೆ, “ಅಮ್ಮಾ, ನಾನು ಹೇಳಬಾರದಿತ್ತಾ?” ಎಂದು ಕೇಳಿದಳು.

ಹದಿನಾರು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ನಿಮ್ಮ ಪದ್ಧತಿಯಲ್ಲಿ ನಿಜ ಹೇಳಿದವರು ಕೆಳಗೆ, ಮುಚ್ಚಿಟ್ಟವರು ಮೇಲೆ. ಇದರಿಂದ ನಿಮ್ಮ ಸೇಫ್ಟಿ ಹೆಚ್ಚುವುದಿಲ್ಲ. ಮುಂದಿನ ಸಲ ಬರುವ ತಾಯಿ ಟೊಪ್ಪಿಯ ಮೇಲೆ ಟೊಪ್ಪಿ ಹಾಕಿಸಿ, ಬಾಯಿ ಮುಚ್ಚಿಕೊಂಡಿರು ಎಂದು ಹೇಳಿಕೊಟ್ಟು, ಮಗುವನ್ನು ಹತ್ತಿಸಬಾರದ ಆಟಕ್ಕೂ ಹತ್ತಿಸಿಬಿಡುತ್ತಾಳೆ.

ಏಕೆಂದರೆ ಹತ್ತಿಸಬಾರದ ಆಟಗಳು ಖಂಡಿತ ಇವೆ. ಅಲ್ಲಿ ನೀವು ಬೇಡ ಎಂದರೆ ನಾನು ನಿಮ್ಮ ಪರ. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದಾಗ ತಲೆಗೆ ಸಣ್ಣ ಪೆಟ್ಟು ಬಿದ್ದರೂ ಒಳಗೆ ರಕ್ತಸ್ರಾವದ ಭಯ. ತಿಂಗಳುಗಟ್ಟಲೆ ಸ್ಟೀರಾಯ್ಡ್ ತಿಂದ ಮೂಳೆ, ಕ್ಯಾನ್ಸರ್ ಹರಡಿದ ಮೂಳೆ ಸುಲಭವಾಗಿ ಮುರಿಯುತ್ತದೆ. ಡಾಕ್ಸೊರುಬಿಸಿನ್ ತರಹದ ಔಷಧ ಕೆಲವರ ಹೃದಯದ ಸ್ನಾಯುವನ್ನು ದುರ್ಬಲ ಮಾಡಿರುತ್ತದೆ. ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೂ ಅದು ತಲೆ ಎತ್ತಬಹುದು. ವಿಂಕ್ರಿಸ್ಟಿನ್ ಎಂಬ ಕೀಮೋ ಔಷಧ ಕೊಟ್ಟ ಕೆಲವು ಮಕ್ಕಳಿಗೆ ಪಾದ ಎತ್ತಿಡುವುದೇ ಕಷ್ಟ, ಎಪ್ಪತ್ತು ಮೆಟ್ಟಿಲಿನ ಜಾರುಬಂಡೆ ಅವರಿಗೆ ಜಾರುವ ಮೊದಲೇ ಮುಗಿದಿರುತ್ತದೆ. ಹೋದ ವಾರ ಕೀಮೋ ತೆಗೆದುಕೊಂಡವರೂ ‘ಪೇಷಂಟ್’, ಹತ್ತು ವರ್ಷದ ಹಿಂದೆ ಗುಣವಾಗಿ ಈಗ ಬ್ರಹ್ಮಗಿರಿ ಬೆಟ್ಟ ಹತ್ತಿಳಿಯುವವರೂ ನಿಮ್ಮ ಲೆಕ್ಕದಲ್ಲಿ ‘ಪೇಷಂಟ್’. ಯಾರಿಗೆ ಯಾವುದು ಆಗದು ಎಂಬುದನ್ನು ಅವರ ಡಾಕ್ಟರು ಹೇಳಬಲ್ಲರು. ಆದರೆ ನಿಮ್ಮ ಆಟ ಏನು ಮಾಡುತ್ತದೆ ಎಂಬುದು ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ನಮ್ಮ ಡಾಕ್ಟರು ನನ್ನನ್ನೇ ಕೇಳಿದರು. ನಾನು ನಿಮ್ಮ ಜಾಹೀರಾತಿನ ವಿಡಿಯೋ ನೋಡಿ ಉತ್ತರ ಕೊಟ್ಟೆ.

ನನ್ನ ಕಡೆಯ ತಪ್ಪೂ ಇದೆ. ಆನ್‌ಲೈನಿನಲ್ಲಿ ಟಿಕೆಟ್ ತೆಗೆಯುವಾಗ ನಿಯಮಗಳನ್ನು ಓದದೆ ಒಪ್ಪಿಗೆ ಗುಂಡಿ ಒತ್ತಿದೆ. ಮೊದಲೇ ಫೋನ್ ಮಾಡಿ ಊಟದ ವಿಷಯ ಕೇಳಬಹುದಿತ್ತು. ವಾಕಿಟಾಕಿ ಹಿಡಿದ ಆ ಹುಡುಗ ಇಪ್ಪತ್ತೆರಡು ದಾಟಿರಲಾರ. ಏನಾದರೂ ಆದರೆ ಮೊದಲು ಹೋಗುವುದು ಅವನ ಕೆಲಸವೇ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಅವನಿಗೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಶೌಚಾಲಯ ನೋಡಿಕೊಳ್ಳುವ ಹೆಂಗಸೊಬ್ಬರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಮಗಳ ಮುಖ ನೋಡಿ ತಮ್ಮ ಕುರ್ಚಿ ತಂದು ನೆರಳಿಗೆ ಹಾಕಿ, “ಕೂತ್ಕೊ ಕಂದ,” ಎಂದು ಹೋದರು. ಇಡೀ ದಿನದಲ್ಲಿ ಅವಳಿಗೆ ಕೂರಲು ಸಿಕ್ಕ ಒಳ್ಳೆಯ ಜಾಗ ಅದೊಂದೇ.

ಹಾಗಾಗಿ ನಿಮ್ಮಲ್ಲಿ ನನ್ನ ಬೇಡಿಕೆಗಳು. ಎಲ್ಲಕ್ಕಿಂತ ಮುಖ್ಯವಾದದ್ದು ಮಾಹಿತಿ. ಪ್ರತಿ ಆಟಕ್ಕೂ ಒಂದು ಪುಟ ಕನ್ನಡದಲ್ಲಿ ಬರೆದು ವೆಬ್‌ಸೈಟಿನಲ್ಲಿ ಹಾಕಿ, ಗೇಟಿನಲ್ಲೂ ಇಡಿ. ಎಷ್ಟು ಎತ್ತರ, ಎಷ್ಟು ಹೊತ್ತು, ಕುಲುಕುತ್ತದೆಯೇ, ಬೆಲ್ಟು ಎದೆಯ ಮೇಲೋ ತೊಡೆಯ ಮೇಲೋ, ಎಷ್ಟು ಮೆಟ್ಟಿಲು, ನಡುವೆ ನಿಲ್ಲಿಸಿ ಇಳಿಸಬಹುದೇ, ಮೈ ನೆನೆಯುತ್ತದೆಯೇ. ಆ ಪುಟ ಹಿಡಿದು ನಾವು ಡಾಕ್ಟರ ಹತ್ತಿರ ಹೋಗುತ್ತೇವೆ. ಅವರು ಗುರುತು ಹಾಕಿಕೊಟ್ಟ ಆಟಕ್ಕೆ ನಿಮ್ಮವರು ಹತ್ತಿಸಲಿ, ಉಳಿದದ್ದಕ್ಕೆ ಬೇಡ ಎನ್ನಲಿ. ಬೇಡ ಎನ್ನುವುದಿದ್ದರೆ ಸಾಲಿನ ಮುಂದೆ ಅಲ್ಲ, ಪಕ್ಕಕ್ಕೆ ಕರೆದು. ಡಾಕ್ಟರ ಪತ್ರ ಇದ್ದವರಿಗೆ ಊಟ, ನೀರು, ಮಾತ್ರೆ ಒಳಗೆ ಬಿಡಿ. ಪಟ್ಟಿ ಕಟ್ಟುವ ಮೊದಲು ‘ಯಾವ ಕೈಗೆ?’ ಎಂದು ಎಲ್ಲರನ್ನೂ ಕೇಳುವ ಅಭ್ಯಾಸ ಮಾಡಿಸಿ. ಎಲ್ಲರನ್ನೂ ಕೇಳಿದರೆ ಯಾರೂ ಕಾರಣ ಹೇಳಬೇಕಾಗುವುದಿಲ್ಲ. ನಿಲ್ಲಲಾಗದವರಿಗೆ ಒಂದು ಚೀಟಿ ಕೊಟ್ಟು, ಇಷ್ಟು ಹೊತ್ತಿಗೆ ಬನ್ನಿ, ಅಲ್ಲಿಯವರೆಗೆ ನೆರಳಲ್ಲಿ ಕೂತಿರಿ ಎನ್ನಿ. ಸಾಲು ಮುರಿದು ಮುಂದೆ ಬಿಡಿ ಎಂದು ನಾನು ಕೇಳುತ್ತಿಲ್ಲ. ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಒಂದು ಮಂಚ, ಒಂದು ಥರ್ಮಾಮೀಟರ್, ಹತ್ತಿರದ ದೊಡ್ಡ ಆಸ್ಪತ್ರೆಯ ಹೆಸರು ದೂರ ಬರೆದ ಹಲಗೆ ಇರಲಿ. ಕೌಂಟ್ ಕಡಿಮೆ ಇರುವಾಗ ಬರುವ ಜ್ವರಕ್ಕೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಬೀಳಬೇಕು ಎನ್ನುತ್ತಾರೆ.

ಇನ್ನೊಂದು, ಟಿಕೆಟ್ ದಿನಾಂಕ. ನಮ್ಮ ದಿನ ನಿಶ್ಚಯ ಮಾಡುವುದು ನಾವಲ್ಲ, ಕೌಂಟ್. ರಿಪೋರ್ಟ್ ಕೈಗೆ ಬರುವುದು ಹೊರಡುವ ಹಿಂದಿನ ದಿನ. ಕಡಿಮೆ ಬಂದರೆ ನಾಲ್ಕು ಟಿಕೆಟಿನ ದುಡ್ಡು ಹೋಯಿತು. ದುಡ್ಡು ವಾಪಸ್ ಬೇಡ, ದಿನಾಂಕ ಬದಲಿಸಲು ಅವಕಾಶ ಕೊಡಿ.

ಪ್ರವಾಸೋದ್ಯಮ ಇಲಾಖೆಯವರಲ್ಲಿ ಎರಡು ಮಾತು. ನಮ್ಮ ಜಿಲ್ಲೆಯ ಗುಡ್ಡದ ಮೇಲೆಲ್ಲ ಈಗ ಜಿಪ್‌ಲೈನು, ಗಾಜಿನ ಸೇತುವೆ. ಅನುಮತಿ ಕೊಡುವಾಗ, ನವೀಕರಿಸುವಾಗ ಮೇಲಿನ ಮಾಹಿತಿ ಪುಟವನ್ನೂ ಒಂದು ಷರತ್ತಾಗಿ ಸೇರಿಸಿ. ನೀವೇ ನೋಡಿಕೊಳ್ಳುವ ತಾಣಗಳಲ್ಲಿ ನೆರಳಿರುವ ಬೆಂಚು, ಬಾಗಿಲಿಗೆ ಚಿಲಕ ಇರುವ ಶೌಚಾಲಯ ಮೊದಲು ಆಗಲಿ, ಸೆಲ್ಫಿ ಪಾಯಿಂಟ್ ಆಮೇಲೆ.

ಹೋಮ್‌ಸ್ಟೇ ನಡೆಸುವ ನಮ್ಮ ಊರಿನವರೂ ಇದನ್ನು ಓದುತ್ತಿರಬಹುದು. ಅಮೆರಿಕದ ಫ್ಲಾರಿಡಾದಲ್ಲಿ ಹೆನ್ರಿ ಲ್ಯಾಂಡ್‌ವರ್ತ್ ಎಂಬ ಹೋಟೆಲ್ ಮಾಲೀಕರಿದ್ದರು, ಹುಡುಗನಾಗಿದ್ದಾಗ ನಾಜಿ ಶಿಬಿರಗಳಿಂದ ಬದುಕಿ ಬಂದವರು. ಲ್ಯುಕೇಮಿಯಾ ಇದ್ದ ಒಂದು ಪುಟ್ಟ ಹುಡುಗಿಗೆ ಅಲ್ಲಿನ ಥೀಮ್ ಪಾರ್ಕ್ ನೋಡುವ ಆಸೆ. ಇವರು ಕೋಣೆ ಕೊಡಲು ತಯಾರಿದ್ದರು. ಉಳಿದ ಏರ್ಪಾಡು ತಡವಾಗಿ, ಹುಡುಗಿ ಹೊರಡುವ ಮೊದಲೇ ತೀರಿಕೊಂಡಳು. 1986ರಲ್ಲಿ ಅವರು ‘ಗಿವ್ ಕಿಡ್ಸ್ ದ ವರ್ಲ್ಡ್’ ಎಂಬ ಸಂಸ್ಥೆ ಶುರುಮಾಡಿದರು. ತೀವ್ರ ಕಾಯಿಲೆಯ ಮಕ್ಕಳ ಕುಟುಂಬಗಳು ಬಂದು ಉಳಿಯಲು, ಪಾರ್ಕುಗಳನ್ನು ನೋಡಲು ಅಲ್ಲಿ ಈಗ ಒಂದು ಪುಟ್ಟ ಊರೇ ಇದೆ. ಅಷ್ಟು ದೊಡ್ಡದು ನಮ್ಮಿಂದ ಆಗದು. ಆದರೆ ಮಳೆಗಾಲದಲ್ಲಿ ಖಾಲಿ ಬಿದ್ದಿರುವ ಕೋಣೆಗಳಲ್ಲಿ ಒಂದನ್ನು, ವರ್ಷದಲ್ಲಿ ಒಂದು ವಾರ, ಇಂಥ ಒಂದು ಮನೆಯವರಿಗೆ ಕೊಡಲಾದೀತೇ ಎಂದು ಯೋಚಿಸಿ. ಬಿಸಿನೀರು, ಬಿಸಿ ಗಂಜಿ ಸಿಕ್ಕರೆ ಅವರಿಗೆ ಸಾಕು.

ಎಲ್ಲ ಅಂದುಕೊಂಡಂತೆ ನಡೆದರೆ ಕಾವೇರಿ ಸಂಕ್ರಮಣದ ಹೊತ್ತಿಗೆ ಮಗಳ ಕೊನೆಯ ಮಾತ್ರೆ. ನಮ್ಮ ಸುಗ್ಗಿ ಹಬ್ಬ ಹುತ್ತರಿಯೊಳಗೆ ಪೋರ್ಟ್ ತೆಗೆಯುತ್ತಾರೆ. ಡಿಸೆಂಬರ್‌ನಲ್ಲಿ ಅವಳ ಕ್ಲಾಸಿನವರು ಮತ್ತೆ ಪ್ರವಾಸ ಹೊರಡುತ್ತಾರೆ, ಈ ಸಲ ಅವಳನ್ನು ಬಸ್ಸಿಗೆ ಹತ್ತಿಸಬೇಕೆಂದಿದ್ದೇನೆ. ನಾನು ಜೊತೆಗಿರುವುದಿಲ್ಲ. ಎದೆಯ ಮೇಲೆ ಆಪರೇಷನ್ನಿನ ಗಾಯ ಇನ್ನೂ ಹಸಿ ಇರುತ್ತದೆ. ಬೆಲ್ಟು ಹಾಕಲು ಬಂದವರಿಗೆ ಅವಳು ಹೇಳಬೇಕೋ ಬೇಡವೋ, ನವೆಂಬರ್ ಕೊನೆಯೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ತಾಯಿ
ಸುಂಟಿಕೊಪ್ಪ ಹೋಬಳಿ, ಕೊಡಗು